ವ್ಯಾಕ್ಯೂಮ್ ಇಲ್ಲದೆ ಸಲ್ಫೈಡ್ ಥಿನ್ ಫಿಲ್ಮ್: ಯಾವ ದಾರಿ ಹಿಡಿಯಲಿ?

ಹೊಸಪದರ:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಲೋಹದ ಸಲ್ಫೈಡ್‌ನ ತೆಳುಪದರ ಬೇಕಾಗಿದೆ. ಗಾಜಿನ ಮೇಲೆ ಇರಬೇಕು, ಬೆಳಕು ಬಿದ್ದಾಗ ಅದರ ರೋಧ ಬದಲಾಗಬೇಕು, ಅಷ್ಟೇ. ನಮ್ಮಲ್ಲಿ ಸ್ಪಟರಿಂಗ್ ಇಲ್ಲ, ಇವಾಪೊರೇಶನ್ ಯಂತ್ರವೂ ಇಲ್ಲ, ಅಂದರೆ ವ್ಯಾಕ್ಯೂಮ್‌ನಲ್ಲಿ ಪದರ ಕೂರಿಸುವ ಯಂತ್ರ ಯಾವುದೂ ಇಲ್ಲ. ಇರುವುದು ಸ್ಟರರ್ ಇರುವ ಹಾಟ್‌ಪ್ಲೇಟ್, ಪಿಎಚ್ ಮೀಟರ್, ಫ್ಯೂಮ್ ಹುಡ್, ಆರ್ಗಾನ್ ಬಿಡಬಹುದಾದ ಒಂದು ಹಳೇ ಟ್ಯೂಬ್ ಫರ್ನೇಸ್. ಪೇಪರ್ ಓದುತ್ತಾ ಹೋದರೆ ತಲೆ ಕೆಡುತ್ತದೆ. ಪ್ರತಿಯೊಬ್ಬರೂ ಮೊದಲ ಪ್ಯಾರಾದಲ್ಲೇ ತಮ್ಮ ವಿಧಾನ ಸರಳ, ಅಗ್ಗ, ದೊಡ್ಡ ಪ್ರಮಾಣಕ್ಕೂ ಆಗುತ್ತದೆ ಅಂತ ಬರೆದಿರುತ್ತಾರೆ. ಸಿಬಿಡಿ, ಸಿಲಾರ್, ಸ್ಪ್ರೇ, ಸ್ಪಿನ್ ಕೋಟಿಂಗ್, ಎಲೆಕ್ಟ್ರೊಡಿಪೊಸಿಶನ್, ಎಲ್ಲರದ್ದೂ ಅದೇ ಹಾಡು. ನಿಜವಾಗಿ ಕೈಯಾರೆ ಮಾಡಿದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಬೀಕರ್‌ಪ್ರಿಯ:
ಕಣ್ಣು ಮುಚ್ಚಿಕೊಂಡು ಸಿಬಿಡಿ ಹಿಡಿಯಿರಿ. ಕೆಮಿಕಲ್ ಬಾತ್ ಡಿಪೊಸಿಶನ್ ಅಂತ ದೊಡ್ಡ ಹೆಸರು ಇಟ್ಟಿದ್ದಾರೆ, ಕೆಲಸ ಮಾತ್ರ ಬೀಕರಿನಲ್ಲಿ ಗಾಜು ನಿಲ್ಲಿಸಿ ಕಾಯುವುದು. ಇದು ನಿನ್ನೆ ಮೊನ್ನೆಯ ವಿಧಾನವೂ ಅಲ್ಲ. 1869ರಲ್ಲೇ ಥಯೋಸಲ್ಫೇಟ್ ದ್ರಾವಣದಿಂದ ಲೋಹದ ಮೇಲೆ ಬಣ್ಣಬಣ್ಣದ ಸಲ್ಫೈಡ್ ಪದರ ಕೂರಿಸಿದ್ದು ದಾಖಲಾಗಿದೆ. 1884ರಲ್ಲಿ ಥಯೋಯೂರಿಯಾ ಬಳಸಿ ಲೆಡ್ ಸಲ್ಫೈಡ್ ಪದರ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಲೆಡ್ ಸಲ್ಫೈಡ್ ಪದರಗಳು ಇನ್‌ಫ್ರಾರೆಡ್ ಡಿಟೆಕ್ಟರ್‌ಗಳಲ್ಲಿ ಬಂದಾಗಿತ್ತು. ನಿಮಗೆ ಬೇಕಾಗಿರುವುದೂ ಅದರ ತಮ್ಮನೇ ಅಲ್ವಾ?

ಕ್ಯಾಡ್ಮಿಯಂ ಸಲ್ಫೈಡ್‌ನಿಂದ ಶುರು ಮಾಡಿ. ಬ್ಯಾಂಡ್ ಗ್ಯಾಪ್ (ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ) 2.42 ಇಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 512 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಹೀರುತ್ತದೆ. ಹಳದಿಯಾಗಿ ಕಾಣುವುದು ಅದಕ್ಕೇ. ಸಿಐಜಿಎಸ್ (ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ) ಸೋಲಾರ್ ಸೆಲ್ ಮಾಡುವವರು ದಶಕಗಳಿಂದ ಬಳಸುತ್ತಿರುವ ರೆಸಿಪಿ ಇದೆ: ಕ್ಯಾಡ್ಮಿಯಂ ಸಲ್ಫೇಟ್ 1.5 ಮಿಲಿಮೋಲಾರ್, ಥಯೋಯೂರಿಯಾ 7.5 ಮಿಲಿಮೋಲಾರ್, ಅಮೋನಿಯಾ 1.5 ಮೋಲಾರ್, 60ರಿಂದ 65 ಡಿಗ್ರಿ ಸೆಲ್ಸಿಯಸ್. ಕಾಲು ಗಂಟೆಯ ಆಸುಪಾಸಿನಲ್ಲಿ 50 ನ್ಯಾನೊಮೀಟರ್‌ನಷ್ಟು ಪದರ ಕೂರುತ್ತದೆ.

ಇದರ ಜೀವ ಇರುವುದು ಅಮೋನಿಯಾದಲ್ಲಿ. ಕ್ಯಾಡ್ಮಿಯಂ ಮತ್ತು ಸಲ್ಫೈಡ್ ಅಯಾನುಗಳನ್ನು ಬರಿದೇ ಸೇರಿಸಿದರೆ ಆ ಕ್ಷಣಕ್ಕೇ ಹಳದಿ ಪುಡಿ ಕೆಳಗೆ ಬೀಳುತ್ತದೆ. ಗಾಜಿನ ಮೇಲೆ ಕೂರಲು ಪುರುಸೊತ್ತೇ ಇರುವುದಿಲ್ಲ. ಅಮೋನಿಯಾ ಕ್ಯಾಡ್ಮಿಯಂ ಅನ್ನು ಕಟ್ಟಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆ ಕಡೆ ಥಯೋಯೂರಿಯಾ ಕ್ಷಾರದಲ್ಲಿ ನಿಧಾನವಾಗಿ ಒಡೆದು ಸಲ್ಫೈಡ್ ಕೊಡುತ್ತದೆ. ಎರಡೂ ಕಡೆ ನಲ್ಲಿ ಸಣ್ಣದಾಗಿ ಬಿಟ್ಟ ಹಾಗೆ. ಆಗ ಅಯಾನುಗಳು ಒಂದೊಂದಾಗಿ ಗಾಜಿನ ಮೇಲೆ ಕೂತು ಗಟ್ಟಿ ಪದರ ಆಗುತ್ತದೆ.

ನಳಿಕೆರಾಯ:
ಸಿಬಿಡಿ ಸರಿ, ಆದರೆ ದಪ್ಪ ಬೇಕಾದರೆ? ಒಂದು ಬಾತ್‌ನಲ್ಲಿ ಸಾಮಾನ್ಯವಾಗಿ 50ರಿಂದ 100 ನ್ಯಾನೊಮೀಟರ್ ಆಗುವಷ್ಟರಲ್ಲಿ ದ್ರಾವಣ ಖಾಲಿ. ದಪ್ಪ ಬೇಕೆಂದರೆ ಹೊಸ ಬಾತ್ ಮಾಡಿ ಮತ್ತೆ ಅದ್ದಬೇಕು. ಸ್ಪ್ರೇ ಪೈರಾಲಿಸಿಸ್‌ನಲ್ಲಿ ಈ ತಾಪತ್ರಯ ಇಲ್ಲ. ಬಿಸಿ ಗಾಜಿನ ಮೇಲೆ ಸಿಂಪಡಿಸುತ್ತಾ ಹೋದರೆ ಒಂದು ಮೈಕ್ರೊಮೀಟರ್ ಬೇಕಾದರೂ ಬೆಳೆಸಬಹುದು. 1966ರಲ್ಲಿ ಚೇಂಬರ್ಲಿನ್, ಸ್ಕಾರ್ಮನ್ ಇಬ್ಬರೂ ಇದನ್ನೇ ಬಳಸಿ ಕ್ಯಾಡ್ಮಿಯಂ ಸಲ್ಫೈಡ್ ಪದರ ಮಾಡಿ ತೋರಿಸಿದರು. ಲೋಹದ ಕ್ಲೋರೈಡು, ಥಯೋಯೂರಿಯಾ, ನೀರು, ಒಂದು ನಳಿಕೆ, ಗಾಳಿಯ ಒತ್ತಡ, ಹಾಟ್‌ಪ್ಲೇಟ್. ಮುಗೀತು.

ಮುಗೀತು ಅಂದೆ, ಆದರೆ ಮೂರು ವಿಷಯ ಯಾರೂ ಪೇಪರಿನಲ್ಲಿ ಬಿಡಿಸಿ ಬರೆಯುವುದಿಲ್ಲ. ಒಂದು, ಹಾಟ್‌ಪ್ಲೇಟ್ ತೋರಿಸುವ ತಾಪವೇ ಬೇರೆ, ಗಾಜಿನ ಮೇಲ್ಮೈಯ ತಾಪವೇ ಬೇರೆ. ಸಿಂಪಡಿಸುವಾಗ ಅದು ಇನ್ನೂ ಇಳಿಯುತ್ತದೆ. ಅದಕ್ಕೇ ಒಂದು ಹಳೇ ಗಾಜಿನ ಚೂರಿಗೆ ಥರ್ಮೊಕಪಲ್ ಅಂಟಿಸಿ ಪಕ್ಕದಲ್ಲೇ ಇಡಿ, ಅದು ಏನು ಹೇಳುತ್ತದೋ ಅದನ್ನು ನಂಬಿ. ಒಂದೇ ಸಮನೆ ಸಿಂಪಡಿಸಬೇಡಿ, ಕೆಲವು ಸೆಕೆಂಡ್ ಸಿಂಪಡಿಸಿ ನಿಲ್ಲಿಸಿ, ಗಾಜು ಮತ್ತೆ ಬಿಸಿಯಾಗಲಿ. ಎರಡು, ಗಂಧಕ ಹಾರಿಹೋಗುತ್ತದೆ. ಲೆಕ್ಕದ ಪ್ರಕಾರ ಒಂದಕ್ಕೆ ಒಂದು ಹಾಕಿದರೆ ಸಾಲುವುದಿಲ್ಲ, ಥಯೋಯೂರಿಯಾ ಜಾಸ್ತಿ ಹಾಕಲೇಬೇಕು. ಇಲ್ಲದಿದ್ದರೆ ಗಾಳಿಯ ಆಮ್ಲಜನಕ ಆ ಜಾಗಕ್ಕೆ ಬಂದು ಕೂರುತ್ತದೆ, ನೀವು ಸಲ್ಫೈಡ್ ಅಂದುಕೊಂಡಿದ್ದರಲ್ಲಿ ಅರ್ಧ ಆಕ್ಸೈಡ್ ಇರುತ್ತದೆ. ಮೂರನೆಯದು ಕ್ಲೋರಿನ್. ಕ್ಲೋರೈಡ್ ಉಪ್ಪು ಬಳಸಿ ತಾಪ ಕಡಿಮೆ ಇಟ್ಟರೆ ಪದರದೊಳಗೆ ಕ್ಲೋರಿನ್ ಉಳಿಯುತ್ತದೆ.

ಹುಷಾರಪ್ಪ:
ತಡೀರಿ ಇಬ್ಬರೂ. ಹೊಸಬರಿಗೆ ಮೊದಲ ದಿನವೇ ಕ್ಯಾಡ್ಮಿಯಂ ಕೊಡುತ್ತಿದ್ದೀರಲ್ಲ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಮೊದಲ ಗುಂಪಿನಲ್ಲಿ ಇರುವ ವಸ್ತು. ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ವಿಷವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮದಲ್ಲಿ ಸೀಸ, ಪಾದರಸಕ್ಕೆ 0.1 ಶೇಕಡಾ ಮಿತಿ ಇದ್ದರೆ ಕ್ಯಾಡ್ಮಿಯಂಗೆ 0.01 ಶೇಕಡಾ. ಬೀಕರಿನಲ್ಲಿ ಇದ್ದಾಗ ಹೇಗೋ ನಿಭಾಯಿಸಬಹುದು. ನಳಿಕೆರಾಯರ ಮಾತು ಕೇಳಿ ಕ್ಯಾಡ್ಮಿಯಂ ಅನ್ನು ಮಂಜಿನ ಥರ ಗಾಳಿಗೆ ಬಿಟ್ಟರೆ? ಒಳ್ಳೆಯ ಎಕ್ಸಾಸ್ಟ್ ಇಲ್ಲದ ಕಡೆ ಕ್ಯಾಡ್ಮಿಯಂ ಸ್ಪ್ರೇ ಬೇಡವೇ ಬೇಡ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಬೀಕರ್ ವಿಧಾನದ ಲೆಕ್ಕವನ್ನೂ ಒಮ್ಮೆ ನೋಡಿ. ಬೀಕರ್‌ಪ್ರಿಯರ ರೆಸಿಪಿಯಲ್ಲಿ 100 ಮಿಲಿಲೀಟರ್ ಬಾತ್ ತೆಗೆದುಕೊಳ್ಳಿ. ಅದರಲ್ಲಿರುವ ಕ್ಯಾಡ್ಮಿಯಂ ಪೂರ್ತಿ ಸಲ್ಫೈಡ್ ಆದರೆ ಸುಮಾರು 22 ಮಿಲಿಗ್ರಾಂ. ಮೈಕ್ರೊಸ್ಕೋಪ್ ಸ್ಲೈಡಿನ ಎರಡೂ ಮುಖದ ಮೇಲೆ 50 ನ್ಯಾನೊಮೀಟರ್ ಕೂತರೆ ಅದರ ತೂಕ 0.9 ಮಿಲಿಗ್ರಾಂ. ಅಂದರೆ ಹೆಚ್ಚುಕಡಿಮೆ 4 ಶೇಕಡಾ ಗಾಜಿಗೆ, ಉಳಿದ 96 ಶೇಕಡಾ ಚರಂಡಿಗಲ್ಲ, ತ್ಯಾಜ್ಯದ ಡಬ್ಬಿಗೆ. ಅಗ್ಗದ ವಿಧಾನ ಅಂತ ಬರೆಯುವವರು ಈ ಡಬ್ಬಿಯ ಖರ್ಚು ಯಾಕೆ ಬರೆಯುವುದಿಲ್ಲವೋ ಗೊತ್ತಿಲ್ಲ.

ಮತ್ತೆ ಇನ್ನೊಂದು, ಇದು ಕ್ಯಾಡ್ಮಿಯಂ ಬಳಸದವರಿಗೂ ಸೇರಿ. ಸಲ್ಫೈಡ್ ತ್ಯಾಜ್ಯಕ್ಕೆ ಯಾವತ್ತೂ ಆಮ್ಲ ಸುರಿಯಬೇಡಿ. ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಓಡಿಹೋಗುತ್ತೇನೆ ಅಂದುಕೊಳ್ಳಬೇಡಿ. 100 ಪಿಪಿಎಂ ಹತ್ತಿರ ಬಂದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂತ ನೀವು ನೆಮ್ಮದಿಯಾಗಿರುತ್ತೀರಿ. ತ್ಯಾಜ್ಯವನ್ನು ಕ್ಷಾರದಲ್ಲೇ ಇಟ್ಟು, ಸೋಸಿ, ಪುಡಿಯನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ. ಒಣಗಿದ ಪುಡಿ ಹಾರುತ್ತದೆ.

ಬೀಕರ್‌ಪ್ರಿಯ:
ಹುಷಾರಪ್ಪನವರ ಲೆಕ್ಕ ಸರಿ, ಒಪ್ಪುತ್ತೇನೆ. ಆದರೂ ನನ್ನ ವಾದ ಬಿಡುವುದಿಲ್ಲ. ಕ್ಯಾಡ್ಮಿಯಂ ಸಲ್ಫೈಡ್‌ನಷ್ಟು ಮಾಹಿತಿ ಬೇರೆ ಯಾವ ಸಲ್ಫೈಡ್‌ಗೂ ಇಲ್ಲ. ಏನೇ ಕೆಟ್ಟರೂ ಯಾರೋ ಒಬ್ಬರು ಆಗಲೇ ಕೆಡಿಸಿ ಬರೆದಿಟ್ಟಿರುತ್ತಾರೆ. ಬದಲಿಗೆ ಝಿಂಕ್ ಸಲ್ಫೈಡ್ ಅಂತೀರಾ? ಅದರ ಬಾತ್‌ನಲ್ಲಿ ಹೈಡ್ರಾಕ್ಸೈಡು, ಆಕ್ಸೈಡು ಎಲ್ಲ ಸೇರಿಕೊಳ್ಳುತ್ತದೆ. ಹೊಸಬರಿಗೆ ಏನು ಬಂತು ಅಂತಲೇ ಗೊತ್ತಾಗುವುದಿಲ್ಲ. ಅದೂ ಅಲ್ಲದೆ 3.6 ಇಲೆಕ್ಟ್ರಾನ್ ವೋಲ್ಟ್ ಗ್ಯಾಪ್, ಕಣ್ಣಿಗೆ ಕಾಣುವ ಬೆಳಕಿಗೆ ಅದು ಕಿವುಡು.

ಅದ್ದುತೆಗೆ:
ಕೈ ಪಳಗಿಸಿಕೊಳ್ಳಲು ತಾಮ್ರದ ಸಲ್ಫೈಡ್ ಇದೆಯಲ್ಲ, ಅದನ್ನು ಯಾರೂ ಹೇಳಲೇ ಇಲ್ಲ. ಕಾಪರ್ ಸಲ್ಫೇಟ್ ದ್ರಾವಣಕ್ಕೆ ಸೋಡಿಯಂ ಥಯೋಸಲ್ಫೇಟ್ ಹಾಕುತ್ತಾ ಹೋಗಿ. ನೀಲಿ ಬಣ್ಣ ತಿಳಿಹಸಿರಾಗುತ್ತದೆ, ಇನ್ನೂ ಹಾಕಿದರೆ ಬಣ್ಣವೇ ಹೋಗಿಬಿಡುತ್ತದೆ. ತಾಮ್ರದ ಅಯಾನಿನ ಚಾರ್ಜ್ ಎರಡರಿಂದ ಒಂದಕ್ಕೆ ಇಳಿದು ಥಯೋಸಲ್ಫೇಟ್ ಜೊತೆ ಕಟ್ಟಿಕೊಂಡಿತು ಅಂತ ಅರ್ಥ. ಬಿಸಿ ಮಾಡಿದರೆ ನಿಧಾನವಾಗಿ ಕಂದು, ಆಮೇಲೆ ಕಪ್ಪು. ಗಾಜಿನ ಮೇಲೆ ಹಸಿರು ಛಾಯೆಯ ಪದರ ಕೂರುತ್ತದೆ. ಇದು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಸಾದಾ ಮಲ್ಟಿಮೀಟರ್ ಮುಟ್ಟಿಸಿದರೂ ಗೊತ್ತಾಗುತ್ತದೆ. ಬೆಳಕಿನ ಸೆನ್ಸರ್‌ಗೆ ಇದು ಬರುವುದಿಲ್ಲ, ಸುಮ್ನೆ ಗಾಜು ತೊಳೆಯುವುದು, ನಿಲ್ಲಿಸುವುದು, ಸರಿಯಾದ ಹೊತ್ತಿಗೆ ಎತ್ತುವುದು ಕಲಿಯಲು.

ಇನ್ನು ನನ್ನ ಇಷ್ಟದ ವಿಧಾನ ಸಿಲಾರ್. 1985ರಲ್ಲಿ ನಿಕೊಲಾವ್ ಪ್ರಕಟಿಸಿದ್ದು. ನಾಲ್ಕು ಬೀಕರು: ಲೋಹದ ಉಪ್ಪು, ನೀರು, ಸೋಡಿಯಂ ಸಲ್ಫೈಡ್, ಮತ್ತೆ ನೀರು. ಗಾಜನ್ನು ಒಂದರ ನಂತರ ಒಂದರಲ್ಲಿ ಅದ್ದುತ್ತಾ ಹೋಗುವುದು. ಲೋಹ ಮತ್ತು ಗಂಧಕ ಬೇರೆ ಬೇರೆ ಪಾತ್ರೆಯಲ್ಲಿ ಇರುವುದರಿಂದ ಹುಷಾರಪ್ಪನವರು ಹೇಳಿದ ಆ 96 ಶೇಕಡಾ ಗೋಳು ಇಲ್ಲ. ಒಂದೇ ದ್ರಾವಣವನ್ನು ಎಷ್ಟೋ ಸಲ ಬಳಸಬಹುದು. ಬಿಸಿಯೂ ಬೇಡ. ಎಷ್ಟು ಸುತ್ತು ಅದ್ದಿದಿರಿ ಅನ್ನುವುದರ ಮೇಲೆ ದಪ್ಪ ನಿಮ್ಮ ಕೈಯಲ್ಲೇ ಇರುತ್ತದೆ.

ತೊಂದರೆ ಏನಪ್ಪಾ ಅಂದರೆ ತಾಳ್ಮೆ. ಒಂದು ಸುತ್ತಿಗೆ ಒಂದು ನ್ಯಾನೊಮೀಟರ್‌ಗಿಂತ ಕಡಿಮೆಯಿಂದ ಹಿಡಿದು ಕೆಲವು ನ್ಯಾನೊಮೀಟರ್ ಅಷ್ಟೇ. ಕೈಯಲ್ಲಿ ಮಾಡಿದರೆ ಸಂಜೆ ಹೊತ್ತಿಗೆ ಅದ್ದುವ ಸಮಯ ಏರುಪೇರಾಗುತ್ತದೆ. ಆರ್ಡುಯಿನೊ ಒಂದು, ಸರ್ವೊ ಮೋಟಾರ್ ಎರಡು ಇದ್ದರೆ ತೋಳು ಮಾಡಿಬಿಡಬಹುದು, ತುಂಬಾ ಜನ ಮಾಡಿದ್ದಾರೆ. ನಿಜವಾದ ಕಿರಿಕಿರಿ ತೊಳೆಯುವ ನೀರಿನದ್ದು. ಆ ನೀರು ನಿಧಾನವಾಗಿ ಕೊಳೆಯಾಗುತ್ತದೆ, ಅದರಲ್ಲಿ ಎರಡೂ ಅಯಾನು ಸೇರಿ ಪುಡಿಯಾಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ. ನೀರು ಸ್ವಲ್ಪ ಮಬ್ಬಾದರೂ ಬದಲಾಯಿಸಿಬಿಡಿ. ಸಾಧ್ಯವಾದರೆ ಹರಿಯುವ ಡಿಐ (ಅಯಾನು ತೆಗೆದ) ನೀರು ಇಡಿ.

ಸಂಜೆಲ್ಯಾಬ್:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಸಿಬಿಡಿಯೇ, ಕ್ಯಾಡ್ಮಿಯಂ ಸಲ್ಫೈಡ್. ಪದರ ನೋಡಲು ಹಳದಿಯಾಗಿ ಇರುತ್ತದೆ, ಆದರೆ ಹಾಲಿನ ಥರ ಮಬ್ಬು. ಟಿಶ್ಯೂನಿಂದ ಒರೆಸಿದರೆ ಅರ್ಧ ಕೈಗೇ ಬರುತ್ತದೆ. ಅಂಚಿನಲ್ಲಿ ಸಿಪ್ಪೆ ಏಳುತ್ತದೆ. ಯಾಕೆ?

ಬೀಕರ್‌ಪ್ರಿಯ:
ದ್ರಾವಣ ಯಾವಾಗ ಹಳದಿಯಾಯಿತು, ಯಾವಾಗ ಮಬ್ಬಾಯಿತು, ಅದನ್ನು ಹೇಳಿ ಮೊದಲು. ಗಾಜು ಹೇಗೆ ಇಟ್ಟಿದ್ದೀರಿ? ಬೀಕರ್ ಮುಚ್ಚಿದ್ದೀರಾ?

ಸಂಜೆಲ್ಯಾಬ್:
ಥಯೋಯೂರಿಯಾ ಹಾಕಿದ ಒಂದು ನಿಮಿಷಕ್ಕೆಲ್ಲ ಹಳದಿ, ಬೇಗನೇ ಮಬ್ಬು. ಗಾಜು ಬೀಕರಿನ ತಳದಲ್ಲಿ ಮಲಗಿಸಿರುತ್ತೇನೆ. ಮುಚ್ಚಳ ಇಲ್ಲ. 80 ಡಿಗ್ರಿ. ಅರ್ಧ ಗಂಟೆ ಬಿಡುತ್ತೇನೆ, ದಪ್ಪ ಆಗಲಿ ಅಂತ.

ಬೀಕರ್‌ಪ್ರಿಯ:
ಎಲ್ಲ ಉತ್ತರ ಅಲ್ಲೇ ಇದೆ. ಮಲಗಿಸಿದರೆ ದ್ರಾವಣದಲ್ಲಿ ಹುಟ್ಟಿದ ಪುಡಿಯೆಲ್ಲ ನೇರವಾಗಿ ಮೇಲ್ಮುಖದ ಮೇಲೆ ಬಂದು ಬೀಳುತ್ತದೆ. ನಿಮಗೆ ಸಿಕ್ಕಿದ್ದು ಬೆಳೆದ ಪದರ ಅಲ್ಲ, ಬಿದ್ದ ಪುಡಿ. ಗಾಜನ್ನು ನೆಟ್ಟಗೆ ನಿಲ್ಲಿಸಿ, ಇಲ್ಲವೇ ಗೋಡೆಗೆ ಸ್ವಲ್ಪ ಒರಗಿಸಿ, ಕೆಳಮುಖವಾಗಿರುವ ಕಡೆಯನ್ನು ಬಳಸಿಕೊಳ್ಳಿ. ಇನ್ನೊಂದು ಕಡೆಯದನ್ನು ಹತ್ತಿಗೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಮುಟ್ಟಿಸಿ ಒರೆಸಬಹುದು, ಫ್ಯೂಮ್ ಹುಡ್ ಒಳಗೆ ಮಾತ್ರ, ಹುಷಾರಪ್ಪನವರು ಬೈಯುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಮುಚ್ಚಳ ಇಲ್ಲದಿದ್ದರೆ 80 ಡಿಗ್ರಿಯಲ್ಲಿ ಅಮೋನಿಯಾ ಆವಿಯಾಗಿ ಹೊರಟುಹೋಗುತ್ತದೆ. ಹೋದ ಹಾಗೆ ಕ್ಯಾಡ್ಮಿಯಂ ಬಿಡುಗಡೆ ಜಾಸ್ತಿಯಾಗಿ ದ್ರಾವಣದ ನಡುವೆಯೇ ಪುಡಿ ಕಟ್ಟುತ್ತದೆ. ವಾಚ್ ಗ್ಲಾಸ್ (ಬೀಕರ್ ಮುಚ್ಚುವ ಗಾಜಿನ ತಟ್ಟೆ) ಮುಚ್ಚಿ. ತಾಪವನ್ನು 65ಕ್ಕೆ ಇಳಿಸಿ. ಇನ್ನು ಸಮಯ. ಸರಿಯಾದ ಬಾತ್ ಹೇಗಿರುತ್ತದೆ ಅಂದರೆ, ಥಯೋಯೂರಿಯಾ ಹಾಕಿದ ಮೇಲೆ ಕೆಲವು ನಿಮಿಷ ನೀರಿನಷ್ಟೇ ತಿಳಿಯಾಗಿರಬೇಕು. ಆಮೇಲೆ ತೆಳು ನಿಂಬೆ ಬಣ್ಣ, ಆದರೆ ಆಚೆ ಕಡೆಯ ಅಕ್ಷರ ಓದಲು ಆಗಬೇಕು. ಒಳ್ಳೆಯ ಪದರ ಬೆಳೆಯುವುದು ಆ ಹೊತ್ತಿನಲ್ಲಿ. ಅಕ್ಷರ ಕಾಣದಷ್ಟು ಮಬ್ಬಾಯಿತೋ, ಮುಗಿಯಿತು, ಎತ್ತಿಬಿಡಿ. ಅದರ ನಂತರ ಬಿಟ್ಟರೆ ದಪ್ಪ ಆಗುವುದು ಪುಡಿಯಿಂದ. ದಪ್ಪ ಬೇಕಾದರೆ ಹೊಸ ಬಾತ್.

ಎತ್ತಿದ ತಕ್ಷಣ, ಒಣಗುವ ಮುಂಚೆ, ನೀರಿನಲ್ಲಿ ಇಟ್ಟು ಅಲ್ಟ್ರಾಸಾನಿಕ್‌ನಲ್ಲಿ ಸ್ವಲ್ಪ ಹೊತ್ತು ಬಿಡಿ. ಸಡಿಲ ಪುಡಿ ಉದುರುತ್ತದೆ. ಒಣಗಿಬಿಟ್ಟರೆ ಅದು ಅಂಟಿಕೊಂಡು ಪ್ರಾಣ ತಿನ್ನುತ್ತದೆ.

ಅದ್ದುತೆಗೆ:
ಸಿಪ್ಪೆ ಏಳುವುದಕ್ಕೆ ಗಾಜಿನ ಮೇಲಿನ ಜಿಡ್ಡೂ ಕಾರಣ ಇರಬಹುದು. ಸೋಪಿನ ನೀರು, ಡಿಐ ನೀರು, ಅಸಿಟೋನ್, ಐಸೊಪ್ರೊಪನಾಲ್, ಮತ್ತೆ ನೀರು. ಕೊನೆಗೆ ಗಾಜನ್ನು ಎತ್ತಿ ಹಿಡಿದು ನೋಡಿ. ನೀರು ಒಂದೇ ಹಾಳೆಯಾಗಿ ಜಾರಿ ಇಳಿಯಬೇಕು. ಎಲ್ಲಾದರೂ ಒಡೆದು ಹನಿಯಾಗಿ ನಿಂತರೆ ಅಲ್ಲಿ ಜಿಡ್ಡು ಇದೆ ಅಂತ ಲೆಕ್ಕ, ಮತ್ತೆ ಮೊದಲಿಂದ. ಆಮೇಲೆ ಮುಖವನ್ನು ಬೆರಳಲ್ಲಿ ಮುಟ್ಟಬೇಡಿ, ಗ್ಲೌಸ್ ಇದ್ದರೂ ಸರಿ.

ಶಾಯಿಬಾಟಲಿ:
ಸ್ಪಿನ್ ಕೋಟಿಂಗ್ ಪರವಾಗಿ ಯಾರೂ ಮಾತಾಡಲಿಲ್ಲ ಅಂತ ಬಂದೆ. ಲೋಹದ ಉಪ್ಪು, ಥಯೋಯೂರಿಯಾ ಎರಡನ್ನೂ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಗಾಜನ್ನು ಗಿರಗಿರನೆ ತಿರುಗಿಸುತ್ತಾ ಹಚ್ಚಿ, ಬಿಸಿ ಮಾಡುವುದು. 2011ರಲ್ಲಿ ಕಿ ಮತ್ತು ಹಿಲ್‌ಹೌಸ್ ಈ ದಾರಿಯಲ್ಲಿ ತಾಮ್ರ, ಸತು, ತವರದ ಸಲ್ಫೈಡ್ ಶಾಯಿ ಮಾಡಿ, ಆಮೇಲೆ ಸೆಲೆನಿಯಂ ಆವಿಯಲ್ಲಿ ಕಾಯಿಸಿ, 4.1 ಶೇಕಡಾ ದಕ್ಷತೆಯ ಸೆಲ್ ಮಾಡಿದರು. ಅದಕ್ಕೂ ಮೇಲೆ 12.6 ಶೇಕಡಾ ಮುಟ್ಟಿದ ಐಬಿಎಂ ಗುಂಪಿನ ಶಾಯಿಯಲ್ಲಿ ಇದ್ದದ್ದು ಹೈಡ್ರಜೀನ್. ಅದು ವಿಷವೂ ಹೌದು, ಸಿಡಿಯುವುದೂ ಹೌದು. ದ್ರಾವಣ ಅಂದ ಮಾತ್ರಕ್ಕೆ ಅಗ್ಗ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನನಗೆ ಜಾಸ್ತಿ ಹಿಡಿಸಿದ್ದು ಕ್ಸಾಂಥೇಟ್. ಲೋಹ, ಗಂಧಕ ಎರಡೂ ಒಂದೇ ಅಣುವಿನಲ್ಲಿ ಕಟ್ಟಿರುತ್ತವೆ. ಹಚ್ಚಿ 150ರಿಂದ 200 ಡಿಗ್ರಿಗೆ ಕಾಯಿಸಿದರೆ ಉಳಿದ ಭಾಗ ಅನಿಲವಾಗಿ ಹೊರಟುಹೋಗಿ ಸಲ್ಫೈಡ್ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಕೂಡ ಈ ತಾಪ ತಡೆಯುತ್ತದೆ, ಒಳ್ಳೆಯ ಜಾತಿಯದ್ದಾದರೆ. ಸ್ಪಿನ್ನರ್ ಇಲ್ಲ ಅಂತ ಕೂರಬೇಡಿ, ಗಾಜಿನ ಎರಡು ಅಂಚಿಗೆ ಟೇಪ್ ಅಂಟಿಸಿ ಇನ್ನೊಂದು ಗಾಜಿನಿಂದ ಎಳೆದರೂ ಪದರ ಬರುತ್ತದೆ. ಒಂದೇ ಸಲಕ್ಕೆ ದಪ್ಪ ಹಚ್ಚಿದರೆ ಮಾತ್ರ ಒಣಗುವಾಗ ಬಿರುಕು ಖಂಡಿತ. ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ.

ಎಲೆಕ್ಟ್ರೊಡಿಪೊಸಿಶನ್ ಬಗ್ಗೆ ಕೇಳಿದ್ದಿರಿ. ಅದಕ್ಕೆ ವಿದ್ಯುತ್ ಹರಿಸುವ ತಳ ಬೇಕು, ಐಟಿಒ ಅಥವಾ ಎಫ್‌ಟಿಒ ಎಂಬ ವಾಹಕ ಲೇಪನ ಇರುವ ಗಾಜು. ಪದರದ ಉದ್ದಕ್ಕೂ ರೋಧ ಅಳೆಯಬೇಕಾದರೆ ಆ ತಳವೇ ಎಲ್ಲ ಕರೆಂಟನ್ನೂ ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಕೆಲಸಕ್ಕೆ ಆಗಿಬರುವುದಿಲ್ಲ.

ಅಳತೆಗೋಲು:
ಎಲ್ಲರೂ ಪದರ ಮಾಡುವುದನ್ನೇ ಹೇಳುತ್ತಿದ್ದೀರಿ. ಬಂದದ್ದು ಏನು ಅಂತ ಗೊತ್ತಾಗುವುದು ಹೇಗೆ? ಖರ್ಚು ಶುರುವಾಗುವುದೇ ಅಲ್ಲಿ.

ಮೊದಲು ದಪ್ಪ. ತೂಕದ ವ್ಯತ್ಯಾಸದಿಂದ ದಪ್ಪ ಕಂಡುಹಿಡಿದೆವು ಅಂತ ತುಂಬಾ ಕಡೆ ಬರೆದಿರುತ್ತದೆ. ಒಂದು ಸ್ಲೈಡಿನ ಒಂದು ಮುಖದ ಮೇಲೆ 100 ನ್ಯಾನೊಮೀಟರ್ ಕ್ಯಾಡ್ಮಿಯಂ ಸಲ್ಫೈಡ್ ಅಂದರೆ 0.9 ಮಿಲಿಗ್ರಾಂ. ಸಾಮಾನ್ಯ ಅನಲಿಟಿಕಲ್ ತಕ್ಕಡಿ ತೋರಿಸುವ ಕೊನೆಯ ಅಂಕಿ 0.1 ಮಿಲಿಗ್ರಾಂ. ಅಲ್ಲಿಗೇ ಹತ್ತು ಶೇಕಡಾಕ್ಕಿಂತ ಜಾಸ್ತಿ ಅನಿಶ್ಚಿತತೆ, ಪದರದೊಳಗಿನ ರಂಧ್ರ, ನೀರಿನಂಶ ಎಲ್ಲ ಬಿಟ್ಟು. ಅಂದಾಜಿಗೆ ಪರವಾಗಿಲ್ಲ, 87.3 ನ್ಯಾನೊಮೀಟರ್ ಅಂತ ದಶಮಾಂಶ ಹಾಕಿ ಬರೆಯಬೇಡಿ ಅಷ್ಟೇ.

ಆಮೇಲೆ ಎಕ್ಸ್‌ಆರ್‌ಡಿ, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವುದು. ಗಾಜು 20ರಿಂದ 30 ಡಿಗ್ರಿಯಲ್ಲಿ ದೊಡ್ಡ ಗುಡ್ಡ ಕೊಡುತ್ತದೆ, ತೆಳು ಪದರದ ಶಿಖರ ಅದರಲ್ಲೇ ಮುಳುಗಿಹೋಗುತ್ತದೆ. ಗ್ರೇಜಿಂಗ್ ಕೋನದಲ್ಲಿ (ಕಿರಣ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ) ಅಳೆಯಲು ಕೇಳಿ. ಕ್ಯಾಡ್ಮಿಯಂ ಸಲ್ಫೈಡ್‌ನಲ್ಲಿ ಇನ್ನೊಂದು ಗೋಜಲು. ಷಡ್ಭುಜ ರೂಪದ 002 ಶಿಖರ, ಘನ ರೂಪದ 111 ಶಿಖರ ಎರಡೂ 26.5 ಡಿಗ್ರಿ ಹತ್ತಿರವೇ ಬರುತ್ತವೆ. ಆ ಒಂದೇ ಶಿಖರ ತೋರಿಸಿ ನಮ್ಮದು ಷಡ್ಭುಜ ರೂಪ ಅಂತ ಘೋಷಿಸಿದ ಪೇಪರ್‌ಗಳಿಗೆ ಬರ ಇಲ್ಲ. ಶಾಯಿಬಾಟಲಿಯವರ ತಾಮ್ರ, ಸತು, ತವರದ ಸಲ್ಫೈಡ್‌ನದ್ದು ಇನ್ನೂ ಮಜಾ. ಅದರ ಮುಖ್ಯ ಶಿಖರಗಳು ಝಿಂಕ್ ಸಲ್ಫೈಡ್ ಮತ್ತು ಕಾಪರ್ ಟಿನ್ ಸಲ್ಫೈಡ್ ಜೊತೆ ಬೆರೆತುಹೋಗುತ್ತವೆ. ಅದಕ್ಕೆ ರಾಮನ್ ಸ್ಪೆಕ್ಟ್ರಮ್ ಬೇಕೇ ಬೇಕು. 338 ತರಂಗಸಂಖ್ಯೆ ಹತ್ತಿರ ಅದರ ಗೆರೆ, 475 ಹತ್ತಿರ ಬಂದರೆ ತಾಮ್ರದ ಸಲ್ಫೈಡ್ ಬೇರೆಯಾಗಿ ಕೂತಿದೆ.

ಕಡಿಮೆ ಖರ್ಚಿನಲ್ಲಿ ಜಾಸ್ತಿ ಹೇಳುವ ಉಪಕರಣ ಅಂದರೆ ಯುವಿ ವಿಸಿಬಲ್ ಸ್ಪೆಕ್ಟ್ರೊಮೀಟರ್. ಬರೀ ಗಾಜನ್ನು ಎದುರಿಗಿಟ್ಟು ಕಳೆಯಿರಿ. ಹೀರಿಕೆಯ ಅಂಚು ಎಲ್ಲಿದೆ, ಎಷ್ಟು ಕಡಿದಾಗಿದೆ ನೋಡಿ. ಟಾಕ್ ಪ್ಲಾಟ್ (ಹೀರಿಕೆಯಿಂದ ಬ್ಯಾಂಡ್ ಗ್ಯಾಪ್ ಕಂಡುಹಿಡಿಯುವ ನಕ್ಷೆ) ಹಾಕುವಾಗ ನೇರ ಗೆರೆ ನಿಮಗೆ ಬೇಕಾದ ಉತ್ತರ ಬರುವ ಕಡೆಗೆ ಎಳೆಯಬೇಡಿ. ಮಬ್ಬು ಪದರ ಬೆಳಕನ್ನು ಚದುರಿಸುತ್ತದೆ, ಸ್ಪೆಕ್ಟ್ರೊಮೀಟರ್ ಅದನ್ನೂ ಹೀರಿಕೆ ಅಂತಲೇ ಎಣಿಸುತ್ತದೆ.

ಹೊಸಪದರ, ನಿಮಗೆ ನೇರವಾಗಿ ಒಂದು ಪ್ರಶ್ನೆ. ರೋಧ ಅಳೆಯುವುದು ಯಾವುದರಲ್ಲಿ?

ಹೊಸಪದರ:
ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಸಿಲ್ವರ್ ಪೇಸ್ಟ್‌ನಿಂದ ಎರಡು ಗೆರೆ ಎಳೆದು ಮಲ್ಟಿಮೀಟರ್‌ನಲ್ಲಿ ಅಳೆಯೋಣ ಅಂದುಕೊಂಡಿದ್ದೆ. ಕ್ಯಾಡ್ಮಿಯಂ ಬೇಡ ಅಂತ ಗೈಡ್ ಕೂಡ ಹೇಳಿದರು. ಆಂಟಿಮನಿ ಸಲ್ಫೈಡ್ ಅಥವಾ ತವರದ ಸಲ್ಫೈಡ್ ನೋಡು ಅಂದಿದ್ದಾರೆ.

ಅಳತೆಗೋಲು:
ಮಲ್ಟಿಮೀಟರ್ ಸಾಕಾಗುವುದಿಲ್ಲ. ಪದರ 100 ನ್ಯಾನೊಮೀಟರ್ ಮಾತ್ರ ಇದ್ದಾಗ ರೋಧ ಬೆಟ್ಟದಷ್ಟಾಗುತ್ತದೆ. ಆಂಟಿಮನಿ ಸಲ್ಫೈಡ್‌ನಂಥ ವಸ್ತು ಕತ್ತಲಲ್ಲಿ ಗಿಗಾಓಮ್ ದಾಟುವುದು ಮಾಮೂಲು. ಎಲೆಕ್ಟ್ರೊಮೀಟರ್ ಅಥವಾ ಪಿಕೊಆಂಪ್ ಅಳೆಯುವ ಮೀಟರ್ ಎಲ್ಲಿ ಸಿಗುತ್ತದೆ ಅಂತ ಈಗಲೇ ವಿಚಾರಿಸಿ. ಎರಡು ಗೆರೆಯ ಬದಲು ಬಾಚಣಿಗೆ ಹಲ್ಲಿನ ಹಾಗೆ ಒಂದರೊಳಗೊಂದು ಸೇರಿದ ಕಾಂಟ್ಯಾಕ್ಟ್ ಮಾಡಿದರೆ ಕರೆಂಟ್ ಜಾಸ್ತಿ ಸಿಗುತ್ತದೆ. ಪೆಟ್ಟಿಗೆಯೊಳಗೆ ಕತ್ತಲು ಮಾಡಿ ತುಂಬಾ ಹೊತ್ತು ಕಾಯಿರಿ, ಕತ್ತಲ ಕರೆಂಟ್ ಸ್ಥಿರವಾಗಲು ಸಮಯ ಬೇಕು.

ಬೀಕರ್‌ಪ್ರಿಯ:
ಸರಿ, ಕ್ಯಾಡ್ಮಿಯಂ ಬೇಡ ಅಂದರೆ ಬೇಡ. ಆಂಟಿಮನಿ ಸಲ್ಫೈಡ್ ಹಿಡಿಯಿರಿ, ಅದರ ಬಾತ್ ಬಿಸಿ ಅಲ್ಲ, ತಣ್ಣಗೆ. ಆಂಟಿಮನಿ ಟ್ರೈಕ್ಲೋರೈಡ್ 650 ಮಿಲಿಗ್ರಾಂ ತೆಗೆದುಕೊಂಡು 2.5 ಮಿಲಿಲೀಟರ್ ಅಸಿಟೋನ್‌ನಲ್ಲಿ ಕರಗಿಸಿ. 1 ಮೋಲಾರ್ ಸೋಡಿಯಂ ಥಯೋಸಲ್ಫೇಟ್ 25 ಮಿಲಿಲೀಟರ್, ಮೊದಲೇ ಫ್ರಿಜ್‌ನಲ್ಲಿ ಇಟ್ಟಿದ್ದು, ಕಲಕುತ್ತಾ ಸೇರಿಸಿ. ತಣ್ಣೀರು ಹಾಕಿ 100 ಮಿಲಿಲೀಟರ್ ಮಾಡಿ, 10 ಡಿಗ್ರಿ ಆಸುಪಾಸಿನಲ್ಲಿ ಒಂದರಿಂದ ಮೂರು ಗಂಟೆ ಬಿಡಿ. ಈ ಅಳತೆಗಳು ಎಷ್ಟೋ ಪೇಪರ್‌ಗಳಲ್ಲಿ ಹಾಗೆಯೇ ಸಿಗುತ್ತವೆ. ಅಸಿಟೋನ್ ಯಾಕೆ ಅಂದರೆ, ಆ ಕ್ಲೋರೈಡ್ ನೀರು ಕಂಡರೆ ತಕ್ಷಣ ಬಿಳಿ ಆಕ್ಸಿಕ್ಲೋರೈಡ್ ಆಗಿ ಬೀಳುತ್ತದೆ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವೇ ಸಾಕು, ಹೊಗೆ ಬರುತ್ತದೆ.

ಕಿತ್ತಳೆ ಬಣ್ಣದ ಪದರ ಬರುತ್ತದೆ. ಅದು ಇನ್ನೂ ಹರಳುಗಟ್ಟಿಲ್ಲ, ಗ್ಯಾಪ್ 2 ಇಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲೆ ಇರುತ್ತದೆ. ಆರ್ಗಾನ್‌ನಲ್ಲಿ 300 ಡಿಗ್ರಿ ಹತ್ತಿರ ಕಾಯಿಸಿದರೆ ಕಣ್ಣೆದುರೇ ಕಂದು ಕಪ್ಪಾಗುತ್ತದೆ, ಗ್ಯಾಪ್ 1.7ಕ್ಕೆ ಇಳಿಯುತ್ತದೆ. ಆಗ 730 ನ್ಯಾನೊಮೀಟರ್‌ವರೆಗಿನ ಬೆಳಕೆಲ್ಲ ನಿಮ್ಮದು. ಬರೀ ಗಾಜಿಗೆ ಇದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಕೆಳಗೆ ಸಿಲಾರ್‌ನಲ್ಲಿ ತೆಳುವಾಗಿ ಝಿಂಕ್ ಸಲ್ಫೈಡ್ ಹಾಕಿಕೊಂಡರೆ ಕಚ್ಚಿ ಕೂರುತ್ತದೆ.

ನಳಿಕೆರಾಯ:
ತವರದ್ದು ಬೇಕಾದರೆ ನನ್ನ ಕಡೆಗೆ ಬನ್ನಿ. ಟಿನ್ ಸಲ್ಫೈಡ್ ಸ್ಪ್ರೇಯಲ್ಲಿ ಚೆನ್ನಾಗಿ ಬರುತ್ತದೆ, 350 ಡಿಗ್ರಿ ಸುತ್ತಮುತ್ತ. ತಾಪ, ಥಯೋಯೂರಿಯಾ ಪ್ರಮಾಣ ಸ್ವಲ್ಪ ಆಚೀಚೆ ಆದರೆ ಡೈಸಲ್ಫೈಡ್ ಸೇರಿಕೊಳ್ಳುತ್ತದೆ, ಅದನ್ನು ನೋಡಿಕೊಳ್ಳಬೇಕು. ದಪ್ಪ ಪದರ ಸಿಗುವುದರಿಂದ ಅಳೆಯುವುದೂ ಸುಲಭ. ಸಿಬಿಡಿಯಲ್ಲಿ ಮಾಡಿದರೆ ಇನ್ನೊಂದು ತಮಾಷೆ ಇದೆ. ಬಾತ್ ಹೇಗಿದೆ ಅನ್ನುವುದರ ಮೇಲೆ ಅದೇ ಟಿನ್ ಸಲ್ಫೈಡ್ ಘನ ರೂಪದಲ್ಲೂ ಬರಬಹುದು. ಮಾಮೂಲಿ ರೂಪದ ಗ್ಯಾಪ್ 1.3 ಹತ್ತಿರ ಇದ್ದರೆ ಘನ ರೂಪದ್ದು 1.7 ಹತ್ತಿರ. ಗ್ಯಾಪ್ ಬೇರೆ ಬಂತು ಅಂತ ಅಳತೆಯನ್ನು ಬೈಯುವ ಮುಂಚೆ ರೂಪ ಯಾವುದು ಅಂತ ನೋಡಿ.

ಹೊಸಪದರ:
ಆಂಟಿಮನಿಯಲ್ಲಿ ಒಂದು ಸುತ್ತು ಆಯಿತು. ಕಿತ್ತಳೆ ಪದರ ಚೆನ್ನಾಗಿ ಬಂತು, ಝಿಂಕ್ ಸಲ್ಫೈಡ್ ಇದ್ದ ಗಾಜಿನಲ್ಲಿ ಟೇಪ್ ಅಂಟಿಸಿ ಕಿತ್ತರೂ ಹಾಗೇ ಉಳಿಯಿತು. ಆದರೆ ಫರ್ನೇಸಿನಿಂದ ತೆಗೆದಾಗ ನಡುವೆ ಕಪ್ಪು, ಅಂಚಿನಲ್ಲಿ ಬಿಳಿ ಮಿಶ್ರಿತ ಮಾಸಲು ಪಟ್ಟಿ. ಗಂಧಕ ಹೋಯಿತೋ, ಗಾಳಿ ಸೇರಿತೋ?

ಶಾಯಿಬಾಟಲಿ:
ಬಿಳಿ ಅಂದರೆ ಆಕ್ಸೈಡ್. ಆಂಟಿಮನಿ ಆಕ್ಸೈಡ್ ಬೆಳ್ಳಗಿರುತ್ತದೆ. ಬಾತ್‌ನಿಂದಲೇ ಸ್ವಲ್ಪ ಆಕ್ಸೈಡ್ ಬರುತ್ತದೆ, ಆದರೆ ಅಂಚಿಗೆ ಮಾತ್ರ ಅಂದರೆ ಟ್ಯೂಬಿನಲ್ಲಿ ಗಾಳಿ ಉಳಿದಿರಬೇಕು. ಬಿಸಿ ಶುರು ಮಾಡುವ ಮುಂಚೆ ಎಷ್ಟು ಹೊತ್ತು ಆರ್ಗಾನ್ ಹರಿಸಿದಿರಿ? ಹೊರಗೆ ತೆಗೆದದ್ದು ಎಷ್ಟು ಡಿಗ್ರಿಯಲ್ಲಿ?

ಹೊಸಪದರ:
ಹತ್ತು ನಿಮಿಷ ಹರಿಸಿದ್ದೆ. 200 ಡಿಗ್ರಿಗೆ ಇಳಿದ ಮೇಲೆ ತೆಗೆದೆ.

ಶಾಯಿಬಾಟಲಿ:
ಎರಡೂ ಕಡಿಮೆ. ಟ್ಯೂಬಿನ ಪರಿಮಾಣ ಲೆಕ್ಕ ಹಾಕಿ, ಅದರ ಹತ್ತು ಪಟ್ಟಾದರೂ ಆರ್ಗಾನ್ ಹೋಗಬೇಕು, ಆಮೇಲೆ ಬಿಸಿ. ಇಳಿಯುವಾಗ ಹರಿವು ನಿಲ್ಲಿಸಬೇಡಿ, 50 ಡಿಗ್ರಿಗಿಂತ ಕೆಳಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ಗಾಜಿನ ಪಕ್ಕ ಒಂದು ಚಿಟಿಕೆ ಗಂಧಕದ ಪುಡಿ ಇಟ್ಟರೆ ಇನ್ನೂ ಒಳ್ಳೆಯದು. 115 ಡಿಗ್ರಿಗೇ ಕರಗುತ್ತದೆ, 300ರ ಹೊತ್ತಿಗೆ ಸಾಕಷ್ಟು ಆವಿ ಇರುತ್ತದೆ.

ಹುಷಾರಪ್ಪ:
ಗಂಧಕ ಇಟ್ಟರೆ ಹೊರಹೋಗುವ ಅನಿಲವನ್ನು ಕ್ಷಾರದ ಬಾಟಲಿಯ ಮೂಲಕ ಬಿಡಿ, ನಡುವೆ ಒಂದು ಖಾಲಿ ಬಾಟಲಿ ಇರಲಿ. ತಣ್ಣಗಾಗುವಾಗ ಒತ್ತಡ ಇಳಿದು ಕ್ಷಾರ ವಾಪಸ್ ಟ್ಯೂಬಿನೊಳಕ್ಕೆ ಎಳೆದುಕೊಂಡರೆ ಪದರವೂ ಹೋಯಿತು, ಟ್ಯೂಬೂ ಹೋಯಿತು.